ಮೊದಲು ಕೆರೆ, ಆಮೇಲೆ ಪಠ್ಯಕ್ರಮ



ಸಿಹಿನೀರಿನ ವಿಜ್ಞಾನಕ್ಕೆಂದೇ ಒಂದು ಸ್ನಾತಕೋತ್ತರ ಕೋರ್ಸ್ ಆರಂಭಿಸಬೇಕು, ಅದಕ್ಕೆ ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ, ಭೂವಿಜ್ಞಾನ, ಸಿವಿಲ್ ಎಂಜಿನಿಯರಿಂಗ್, ಅರ್ಥಶಾಸ್ತ್ರ, ಕಾನೂನು ವಿಭಾಗಗಳೆಲ್ಲ ಕೈಜೋಡಿಸಬೇಕು ಎಂದು ನೀವು ಹೊರಟಿರುವುದು ತಿಳಿದು ಮನಸ್ಸು ತುಂಬಿ ಬಂತು. ನಿಮ್ಮಲ್ಲಿ ಕೆಲವರು ಈಗಷ್ಟೇ ಕೆಲಸಕ್ಕೆ ಸೇರಿದ ಅಧ್ಯಾಪಕರು, ಕೆಲವರು ಸಂಶೋಧನಾ ವಿದ್ಯಾರ್ಥಿಗಳು. ಬಹುಪಾಲು ಬದುಕನ್ನು ವಿಶ್ವವಿದ್ಯಾಲಯದ ತರಗತಿಗಳಲ್ಲಿ, ಪ್ರಯೋಗಾಲಯಗಳಲ್ಲಿ ಕಳೆದು ನಿವೃತ್ತನಾದ ನನಗೆ ನಿಮ್ಮ ಜೊತೆ ನಾಲ್ಕು ಮಾತಾಡುವ ಸಲುಗೆ ಇದೆ ಎಂದುಕೊಂಡು ಇದನ್ನು ಬರೆಯುತ್ತಿದ್ದೇನೆ.

ಅಂತರಶಿಸ್ತೀಯ ಎಂಬ ಹೆಸರು ಹೊತ್ತ ಕೋರ್ಸುಗಳು ನಮ್ಮಲ್ಲಿ ಹೇಗೆ ಹುಟ್ಟುತ್ತವೆ ಎಂಬುದನ್ನು ಬಲ್ಲೆ. ಅಧ್ಯಯನ ಮಂಡಳಿಯ ಸಭೆ ಸೇರುತ್ತದೆ. ಪ್ರತಿಯೊಂದು ವಿಭಾಗವೂ ತನ್ನ ಪಾಲಿಗೊಂದು ಪತ್ರಿಕೆ ಕೇಳುತ್ತದೆ. ಸೋಮವಾರ ಒಬ್ಬರು ನೀರಿನ ರಸಾಯನ ಹೇಳಿ ಹೋಗುತ್ತಾರೆ, ಮಂಗಳವಾರ ಇನ್ನೊಬ್ಬರು ಮೀನಿನ ವರ್ಗೀಕರಣ ಹೇಳುತ್ತಾರೆ, ಬುಧವಾರ ಮತ್ತೊಬ್ಬರು ನೀರಿನ ಕಾಯ್ದೆಗಳನ್ನು ಓದಿಸುತ್ತಾರೆ. ಅವರು ಒಬ್ಬರ ಪಾಠ ಒಬ್ಬರು ಕೇಳಿರುವುದಿಲ್ಲ. ಇವನ್ನೆಲ್ಲ ಕೂಡಿಸಿ ಅರ್ಥ ಮಾಡಿಕೊಳ್ಳುವ ಹೊರೆ ಇಪ್ಪತ್ತೆರಡರ ಹರೆಯದ ವಿದ್ಯಾರ್ಥಿಯ ತಲೆಯ ಮೇಲೆ ಬೀಳುತ್ತದೆ. ಹಿರಿಯರು ಮಾಡದೆ ಬಿಟ್ಟ ಕೆಲಸವನ್ನು ಕಿರಿಯರಿಂದ ನಿರೀಕ್ಷಿಸುವುದು ನ್ಯಾಯವಲ್ಲ.

ಆದ್ದರಿಂದ ನನ್ನ ಮೊದಲ ಮಾತು, ಮುಖ್ಯ ಮಾತು ಇಷ್ಟೇ: ಪಠ್ಯಕ್ರಮ ಬರೆಯುವ ಮೊದಲು ಒಂದು ನೀರನ್ನು ಆರಿಸಿಕೊಳ್ಳಿ. ಒಂದು ಕೆರೆ, ಒಂದು ಹೊಳೆ ಅಥವಾ ಒಂದು ಜಲಾಶಯ. ಎಲ್ಲ ವಿಭಾಗಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಅದೇ ನೀರಿಗೆ ಇಳಿಯಬೇಕು, ಅದೇ ನೀರಿನ ಪ್ರಶ್ನೆಗಳಿಗೆ ಉತ್ತರ ಹುಡುಕಬೇಕು. ಶಾಸ್ತ್ರಗಳನ್ನು ಕೂಡಿಸುವ ಶಕ್ತಿ ಆ ನೀರಿಗೆ ಇರುವಷ್ಟು ಯಾವ ಸುತ್ತೋಲೆಗೂ ಇಲ್ಲ.

ಈ ವಿಜ್ಞಾನ ಹುಟ್ಟಿದ್ದೇ ಹಾಗೆ. ಸ್ವಿಟ್ಜರ್ಲೆಂಡಿನ ಫ್ರಾನ್ಸ್ವಾ ಆಲ್ಫೋನ್ಸ್ ಫೊರೆಲ್ (1841–1912) ಓದಿದ್ದು ವೈದ್ಯಶಾಸ್ತ್ರ, ಲೊಸಾನ್‌ನಲ್ಲಿ ಕಲಿಸುತ್ತಿದ್ದುದು ಅಂಗರಚನೆ ಮತ್ತು ಶರೀರಕ್ರಿಯಾಶಾಸ್ತ್ರ. ಆದರೆ ಅವರ ಜೀವಮಾನದ ಕೆಲಸವೆಲ್ಲ ತಮ್ಮ ಊರಿನ ಅಂಚಿಗೇ ಇದ್ದ ಜಿನೀವಾ ಸರೋವರದ ಮೇಲೆ. 1892ರಿಂದ 1904ರವರೆಗೆ ಮೂರು ಸಂಪುಟಗಳಲ್ಲಿ ಹೊರಬಂದ ಅವರ 'ಲ ಲೆಮಾನ್' ಗ್ರಂಥವನ್ನು ಸರೋವರ ವಿಜ್ಞಾನದ ಮೂಲ ಗ್ರಂಥವೆಂದು ಜಗತ್ತು ಒಪ್ಪಿದೆ. ಅದರಲ್ಲಿ ಭೂಗೋಳ, ಭೂವಿಜ್ಞಾನ, ಹವಾಮಾನ, ನೀರಿನ ತಾಪ, ಬೆಳಕು, ರಸಾಯನ, ಜೀವಿಗಳು ಇವೆ. ಜೊತೆಗೆ ದಡದ ಜನರ ಇತಿಹಾಸ, ದೋಣಿ ಸಂಚಾರ, ಮೀನುಗಾರಿಕೆಯೂ ಇವೆ. ಅಂತರಶಿಸ್ತೀಯ ಅಧ್ಯಯನ ಮಾಡುತ್ತೇನೆ ಎಂದು ಫೊರೆಲ್ ಹೊರಟವರಲ್ಲ. ಒಂದು ಸರೋವರವನ್ನು ಪೂರ್ತಿ ತಿಳಿಯಬೇಕೆಂದು ಹೊರಟರು. ಸರೋವರ ಯಾವ ಯಾವ ಶಾಸ್ತ್ರವನ್ನು ಕೇಳಿತೋ ಅದನ್ನೆಲ್ಲ ಕಲಿತರು.

ನಮ್ಮ ನಾಡಿನ ವಿಶ್ವವಿದ್ಯಾಲಯಗಳಿಗೆ ಈ ವಿಷಯದಲ್ಲಿ ದೊಡ್ಡ ಅನುಕೂಲವಿದೆ. ಮೈಸೂರಿನ ಮಾನಸಗಂಗೋತ್ರಿಗೆ ತಾಗಿದಂತೆಯೇ 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಕಟ್ಟಿಸಿದ ಕುಕ್ಕರಹಳ್ಳಿ ಕೆರೆಯಿದೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಮಗ್ಗುಲಲ್ಲಿ ಭದ್ರಾ ಜಲಾಶಯವಿದೆ. ಧಾರವಾಡಕ್ಕೆ ಕೆಲಗೇರಿ ಕೆರೆ ಇದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಹತ್ತಿರ ವಿಜಯನಗರದ ಕಾಲದ ಕಮಲಾಪುರ ಕೆರೆಯೂ ತುಂಗಭದ್ರೆಯೂ ಇವೆ. ಕಟ್ಟಿದಾಗ 133 ಟಿಎಂಸಿ ನೀರು ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯ ಹೂಳಿನಿಂದಾಗಿ ಈಗ ಸುಮಾರು 105 ಟಿಎಂಸಿಗೆ ಇಳಿದಿದೆ. ಆ ಹೂಳು ಯಾವ ಬೆಟ್ಟದಿಂದ, ಯಾವ ಹೊಲದಿಂದ, ಯಾವ ಗಣಿಯಿಂದ ಬಂತು, ಮೂರು ರಾಜ್ಯಗಳ ರೈತರಲ್ಲಿ ಯಾರ ಪಾಲಿನ ನೀರನ್ನು ಅದು ನುಂಗಿತು ಎಂಬ ಒಂದೇ ಪ್ರಶ್ನೆ ಸಾಕು, ಎರಡು ವರ್ಷದ ಕೋರ್ಸ್ ನಡೆಸಬಹುದು.

ನೀರನ್ನು ಆರಿಸಿದ ಮೇಲೆ ಮೊದಲ ಸೆಮಿಸ್ಟರಿನಲ್ಲೇ ಎಲ್ಲ ವಿದ್ಯಾರ್ಥಿಗಳನ್ನೂ ಒಂದು ಹಗಲು ಒಂದು ರಾತ್ರಿ ದಡದಲ್ಲಿ ಉಳಿಸಿಕೊಳ್ಳಿ. ಕಾನೂನು ಓದಿ ಬಂದವರೂ ಅರ್ಥಶಾಸ್ತ್ರ ಓದಿ ಬಂದವರೂ ಇರಲೇಬೇಕು. ಮೂರು ಗಂಟೆಗೊಮ್ಮೆ ನೀರು ತೆಗೆದು ಅದರಲ್ಲಿ ಕರಗಿರುವ ಆಮ್ಲಜನಕವನ್ನು ಅಳೆಯಲಿ. ಮೀಟರ್ ಇದ್ದರೂ ಇರಲಿ, ಮೊದಲ ಸಲ ವಿಂಕ್ಲರ್ ವಿಧಾನದಲ್ಲೇ ಮಾಡಿಸಿ. ಗುಳ್ಳೆ ಒಳಸೇರದಂತೆ ಬಾಟಲಿ ತುಂಬಬೇಕು. ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರ ಬೆರೆತ ಅಯೋಡೈಡ್ ದ್ರಾವಣ ಬಿಟ್ಟೊಡನೆ ಕಂದು ಬಣ್ಣದ ಗಸಿ ಕಟ್ಟಿ ನಿಧಾನಕ್ಕೆ ತಳಕ್ಕಿಳಿಯುತ್ತದೆ. ಆಮ್ಲ ಹಾಕಿದರೆ ಗಸಿ ಕರಗಿ ನೀರು ಹೊನ್ನಿನ ಹಳದಿಯಾಗುತ್ತದೆ. ಗಂಜಿಯ ದ್ರಾವಣ ಬಿದ್ದರೆ ಗಾಢ ನೀಲಿ. ಥಯೋಸಲ್ಫೇಟನ್ನು ಹನಿಹನಿಯಾಗಿ ಬಿಡುತ್ತ ಹೋದಂತೆ ಆ ನೀಲಿ ಒಂದು ಹನಿಗೆ ಥಟ್ಟನೆ ಮಾಯವಾಗುತ್ತದೆ. ಆ ಹನಿಯ ಲೆಕ್ಕದಲ್ಲೇ ಆಮ್ಲಜನಕದ ಲೆಕ್ಕವೂ ಇದೆ.

ಊರಿನ ಚರಂಡಿ ಸೇರಿ ಹಸಿರುಗಟ್ಟಿದ ಕೆರೆಯಾದರೆ ಆ ರಾತ್ರಿ ಅವರಿಗೆ ಒಂದು ದೊಡ್ಡ ಪಾಠ ಸಿಗುತ್ತದೆ. 25 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ನೀರು ಗಾಳಿಯಿಂದ ಪಡೆದು ಹಿಡಿದಿಟ್ಟುಕೊಳ್ಳುವುದು ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕವನ್ನು. ಬಿಸಿಲು ಚೆನ್ನಾಗಿರುವ ಮಧ್ಯಾಹ್ನ ಮೂರರ ಹೊತ್ತಿಗೆ ಪಾಚಿಯ ದ್ಯುತಿಸಂಶ್ಲೇಷಣೆಯಿಂದ ಇಂಥ ಕೆರೆಯಲ್ಲಿ ಅದು 12 ಮಿಲಿಗ್ರಾಂ ದಾಟಬಹುದು. ಕತ್ತಲಾದ ಮೇಲೆ ಅದೇ ಪಾಚಿ, ಬ್ಯಾಕ್ಟೀರಿಯಾ, ಮೀನು ಎಲ್ಲವೂ ಉಸಿರಾಡುತ್ತಲೇ ಇರುತ್ತವೆ, ಹೊಸದಾಗಿ ಆಮ್ಲಜನಕ ಹುಟ್ಟುವುದಿಲ್ಲ. ಬೆಳಗಿನ ಜಾವಕ್ಕೆ ಅದು ಎರಡಕ್ಕೋ ಒಂದಕ್ಕೋ ಇಳಿಯಬಹುದು. ಆಗ ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚುವುದು ಟಾರ್ಚ್ ಬೆಳಕಿನಲ್ಲಿ ಕಾಣಿಸುತ್ತದೆ. ಸೂರ್ಯ ಹುಟ್ಟುವಷ್ಟರಲ್ಲಿ ಕೆಲವು ಸತ್ತು ತೇಲುತ್ತವೆ. ಕೆರೆಗೆ ಯಾರೋ ವಿಷ ಹಾಕಿದ್ದಾರೆ ಎಂದು ಊರಿನವರು ಶಂಕಿಸುತ್ತಾರೆ. ಹನ್ನೊಂದು ಗಂಟೆಗೆ ಬಂದು ಮಾದರಿ ತೆಗೆದ ಮಾಲಿನ್ಯ ನಿಯಂತ್ರಣ ಮಂಡಳಿಯ ಸಿಬ್ಬಂದಿಗೆ ಆಮ್ಲಜನಕ ಸರಿಯಾಗಿಯೇ ಇದೆ ಎಂಬ ಫಲಿತಾಂಶ ಸಿಗುತ್ತದೆ. ಎರಡೂ ಕಡೆಯವರು ತಮಗೆ ಕಂಡದ್ದನ್ನೇ ಹೇಳುತ್ತಿರುತ್ತಾರೆ, ಸತ್ಯ ಮಾತ್ರ ಬೆಳಗಿನ ಜಾವದಲ್ಲಿ ಉಳಿದುಹೋಗಿರುತ್ತದೆ. ಯಾವ ಹೊತ್ತಿನಲ್ಲಿ ಅಳೆಯಬೇಕು ಎಂಬುದು ರಸಾಯನಶಾಸ್ತ್ರದ ಪ್ರಶ್ನೆಯಾದಷ್ಟೇ ಕಾನೂನಿನ ಪ್ರಶ್ನೆಯೂ ಹೌದು, ಮೀನು ಹಿಡಿದು ಬದುಕುವವರ ಅನ್ನದ ಪ್ರಶ್ನೆಯೂ ಹೌದು. ಒಂದು ರಾತ್ರಿ ಜೊತೆಗಿದ್ದು ಇದನ್ನು ಕಂಡವರು ಮುಂದೆ ಒಬ್ಬರ ಶಾಸ್ತ್ರವನ್ನು ಒಬ್ಬರು ಹಗುರವಾಗಿ ಕಾಣುವುದಿಲ್ಲ.

ಶಾಸ್ತ್ರಗಳು ಬೇರೆ ಬೇರೆ ಮೇಜುಗಳಲ್ಲಿ ಉಳಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಮಿಲ್ವಾಕಿ ನಗರದ ಕಥೆಯನ್ನು ನಿಮ್ಮ ಪ್ರತಿಯೊಂದು ತಂಡಕ್ಕೂ ಹೇಳಿ. 1993ರ ಮಾರ್ಚ್ ಕೊನೆಯಲ್ಲಿ ಆ ನಗರದ ದಕ್ಷಿಣದ ಶುದ್ಧೀಕರಣ ಘಟಕದಿಂದ ಹೊರಬರುವ ನೀರಿನ ಕದಡು ಏರಿತು. ಅದು ಘಟಕದ ದಾಖಲೆಯಲ್ಲಿತ್ತು. ಶಾಲೆಗಳಲ್ಲಿ ಮಕ್ಕಳೂ ಮೇಷ್ಟರುಗಳೂ, ಆಸ್ಪತ್ರೆಗಳಲ್ಲಿ ನೌಕರರೂ ಗೈರುಹಾಜರಾದರು. ಅದು ಹಾಜರಿ ಪುಸ್ತಕಗಳಲ್ಲಿತ್ತು. ಭೇದಿಯ ಔಷಧಿ ಅಂಗಡಿಗಳಲ್ಲಿ ಖಾಲಿಯಾಯಿತು. ಅದು ಅಂಗಡಿಯವರಿಗೆ ಗೊತ್ತಿತ್ತು. ಇವೆಲ್ಲ ಒಂದೆಡೆ ಕೂಡಿ ಕ್ರಿಪ್ಟೋಸ್ಪೊರಿಡಿಯಂ ಎಂಬ ಪರೋಪಜೀವಿ ಕುಡಿಯುವ ನೀರಿನಲ್ಲಿದೆ ಎಂದು ತಿಳಿದು, ನೀರು ಕುದಿಸಿ ಕುಡಿಯಿರಿ ಎಂದು ನಗರ ಸಾರುವಷ್ಟರಲ್ಲಿ ಏಪ್ರಿಲ್ 7 ಆಗಿತ್ತು. ಸುಮಾರು ನಾಲ್ಕು ಲಕ್ಷ ಜನ ಕಾಯಿಲೆ ಬಿದ್ದಿದ್ದರೆಂದು ಅಂದಾಜು. ಏಡ್ಸ್‌ನಿಂದ ರೋಗನಿರೋಧಕ ಶಕ್ತಿ ಕುಂದಿದ್ದ ಹಲವರು ಪ್ರಾಣ ಕಳೆದುಕೊಂಡರು. ಅದೇ ಮಿಲ್ವಾಕಿಯ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ 2009ರಲ್ಲಿ ಸಿಹಿನೀರಿನ ವಿಜ್ಞಾನಗಳ ಪ್ರತ್ಯೇಕ ಸ್ನಾತಕೋತ್ತರ ಶಾಲೆ ಆರಂಭವಾಯಿತು. ಅದರ ಬೇರು 1966ರ ಮಹಾಸರೋವರ ಅಧ್ಯಯನ ಕೇಂದ್ರದಲ್ಲಿದೆ. ಜೀವವಿಜ್ಞಾನ, ತಂತ್ರಜ್ಞಾನ, ಮಾನವನ ಆರೋಗ್ಯ, ಅರ್ಥನೀತಿ ಇವನ್ನು ಅಲ್ಲಿ ಒಂದೇ ಸೂರಿನಡಿ, ಮಿಶಿಗನ್ ಸರೋವರದ ಬಂದರಿನ ಬದಿಯಲ್ಲೇ ಕಲಿಸುತ್ತಾರೆ.

ಅದೇ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಿಂದ ಕಲಿಯಬೇಕಾದ್ದು ತಾಳ್ಮೆ. ಅಲ್ಲಿನ ಮೆಂಡೋಟಾ ಸರೋವರ ಯಾವ ದಿನ ಹೆಪ್ಪುಗಟ್ಟಿತು, ಯಾವ ದಿನ ಒಡೆಯಿತು ಎಂಬ ದಾಖಲೆ 1850ರ ದಶಕದಿಂದ ಇದೆ. ಬರೆಯಲು ಶುರುಮಾಡಿದವರಿಗೆ ಹವಾಮಾನ ಬದಲಾವಣೆಯ ಕಲ್ಪನೆಯೂ ಇರಲಿಲ್ಲ. ಇಂದು ಆ ಪಟ್ಟಿಯಿಂದಲೇ ಚಳಿಗಾಲದ ಹಿಮದ ಹೊದಿಕೆ ಸುಮಾರು ಒಂದು ತಿಂಗಳಷ್ಟು ಕುಗ್ಗಿರುವುದು ಯಾರೂ ಅಲ್ಲಗಳೆಯಲಾಗದಂತೆ ಕಾಣಿಸುತ್ತದೆ. 1875ರಲ್ಲಿ ಅಲ್ಲಿಗೆ ಬಂದ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಬರ್ಜ್ ನೀರಿನ ಸೂಕ್ಷ್ಮಜೀವಿಗಳನ್ನು ನೋಡುತ್ತ ನೋಡುತ್ತ, ಅವು ಒಂದು ಆಳದಲ್ಲಿ ಸೇರಿ ಇನ್ನೊಂದು ಆಳದಲ್ಲಿ ಯಾಕಿಲ್ಲ ಎಂದು ಕೇಳಿಕೊಂಡರು. ಉತ್ತರಕ್ಕಾಗಿ ನೀರಿನ ತಾಪ, ಕರಗಿದ ಅನಿಲಗಳು, ಬೆಳಕು ಎಲ್ಲವನ್ನೂ ಅಳೆಯಬೇಕಾಯಿತು. ಚಾನ್ಸಿ ಜೂಡೇ ಜೊತೆ ಸೇರಿ ರಸಾಯನಶಾಸ್ತ್ರಜ್ಞರು, ಭೌತಶಾಸ್ತ್ರಜ್ಞರನ್ನೂ ಒಳಗೊಂಡ ತಂಡವನ್ನೇ ಕಟ್ಟಿದರು. ಒಳ್ಳೆಯ ಪ್ರಶ್ನೆಯೊಂದು ಬಿದ್ದರೆ ತಂಡ ತಾನಾಗಿ ಕೂಡುತ್ತದೆ.

ದಾಖಲೆಯ ಜೊತೆಗೆ ಪ್ರಯೋಗವೂ ಬೇಕು. ಕೆನಡಾದ ಒಂಟಾರಿಯೋದಲ್ಲಿ 1968ರಲ್ಲಿ ಸರೋವರಗಳನ್ನೇ ಪ್ರಯೋಗಾಲಯ ಮಾಡಿಕೊಂಡ ಕೇಂದ್ರವೊಂದು ಆರಂಭವಾಯಿತು. ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು 1973ರಲ್ಲಿ 226ನೇ ಸಂಖ್ಯೆಯ ಸರೋವರಕ್ಕೆ ನಡುವೆ ಪರದೆ ಕಟ್ಟಿ, ಒಂದು ಬದಿಗೆ ಇಂಗಾಲ ಮತ್ತು ಸಾರಜನಕ, ಇನ್ನೊಂದು ಬದಿಗೆ ಅವೆರಡರ ಜೊತೆ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಬದಿ ಮಾತ್ರ ದಟ್ಟ ಹಸಿರಾಯಿತು. ವಿಮಾನದಿಂದ ತೆಗೆದ ಆ ಒಂದು ಚಿತ್ರ ಸಾಬೂನು ಪುಡಿಯಲ್ಲಿನ ಫಾಸ್ಫೇಟ್ ಸರೋವರಗಳನ್ನು ಕೆಡಿಸುತ್ತದೆಯೇ ಎಂಬ ವಾದದಲ್ಲಿ ಮಾಡಿದ ಕೆಲಸವನ್ನು ನೂರು ಪ್ರಬಂಧಗಳು ಮಾಡಲಾರವು. ನಿಮ್ಮ ವಿದ್ಯಾರ್ಥಿಗಳು ತಮ್ಮ ಸಂಶೋಧನೆಯನ್ನು ಜನ ಕಣ್ಣಾರೆ ಕಾಣುವಂತೆ ಮಾಡುವುದನ್ನೂ ಕಲಿಯಲಿ.

ಇಷ್ಟು ಹೇಳಿದ ಮಾತ್ರಕ್ಕೆ ಎಲ್ಲವೂ ಪಶ್ಚಿಮದಿಂದಲೇ ಬರಬೇಕು ಎಂದಲ್ಲ. ಇಂದಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಬುಕ್ಕರಾಯನ ಮಗ ಭಾಸ್ಕರ 1369ರಲ್ಲಿ ಹಾಕಿಸಿದ ಕೆರೆಯ ಶಾಸನವನ್ನು ಮೊದಲ ವಾರವೇ ಓದಿಸಿ. ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ, ಇರಬಾರದ ಆರು ದೋಷಗಳನ್ನೂ ಅದು ಪಟ್ಟಿ ಮಾಡುತ್ತದೆ. ಜಲಶಾಸ್ತ್ರ ಬಲ್ಲವನು ಬೇಕು, ಗಟ್ಟಿ ಮಣ್ಣಿನ ನೆಲ ಬೇಕು, ಸಿಹಿನೀರಿನ ನದಿ ಬೇಕು, ಒಳ್ಳೆಯ ಕಲ್ಲಿನ ಗಣಿ ಬೇಕು, ಕಟ್ಟುವುದರಲ್ಲಿ ನುರಿತ ಕೆಲಸಗಾರರು ಬೇಕು ಎನ್ನುತ್ತದೆ. ದೋಷಗಳಲ್ಲಿ ಸವುಳು ಮಣ್ಣು, ಏರಿ ಜಿನುಗುವುದು, ನೀರು ಕಡಿಮೆ ಹೊಲ ಹೆಚ್ಚು, ಹೊಲ ಕಡಿಮೆ ನೀರು ಹೆಚ್ಚು ಎಂಬವು ಇವೆ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದೂ ಒಂದು ದೋಷ. ಕಾವೇರಿಯ ವ್ಯಾಜ್ಯ ಕಂಡ ನಮಗೆ ಆ ಮಾತಿನ ಹಿಂದಿನ ಅನುಭವ ಎಷ್ಟು ಆಳದ್ದೆಂದು ಹೇಳಬೇಕಿಲ್ಲ. ಭೂವಿಜ್ಞಾನ, ಎಂಜಿನಿಯರಿಂಗ್, ಕೃಷಿ, ರಾಜನೀತಿ ಎಲ್ಲವನ್ನೂ ಒಂದೇ ಕಲ್ಲಿನ ಮೇಲೆ ಬರೆದ ಪರಂಪರೆ ನಮ್ಮದು.

ಆ ಪರಂಪರೆಯ ಕೊನೆಯ ಕೊಂಡಿಗಳಾದ ನೀರುಗಂಟಿಗಳು ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಸೀಮೆಯಲ್ಲಿ ಇನ್ನೂ ಅಲ್ಲಲ್ಲಿ ಇದ್ದಾರೆ. ತೂಬು ಎಷ್ಟು ಎತ್ತಬೇಕು, ಯಾವ ಗದ್ದೆಗೆ ಯಾವಾಗ ನೀರು ಬಿಡಬೇಕು, ಕೋಡಿ ಹರಿಯುವ ಮೊದಲು ಏನನ್ನು ನೋಡಬೇಕು ಎಂಬುದು ಅವರ ಬಾಯಲ್ಲಿದೆ. ಅವರನ್ನು ಅತಿಥಿ ಅಧ್ಯಾಪಕರಾಗಿ ಕರೆಯಿರಿ, ಗೌರವಧನ ಕೊಡಿ, ವಿದ್ಯಾರ್ಥಿಗಳನ್ನು ಅವರ ಹಿಂದೆ ಏರಿಯ ಮೇಲೆ ನಡೆಸಿ. ಊರಿಗೆಲ್ಲ ನೀರು ಹಂಚಿದ ನೀರುಗಂಟಿಗಳಲ್ಲಿ ಹಲವರು ದಲಿತ ಕುಟುಂಬಗಳವರು ಎಂಬುದನ್ನೂ, ಅದೇ ಊರಿನ ಬಾವಿ ಅವರಿಗೆ ಮುಟ್ಟಲು ಸಿಗದಿದ್ದ ಕಾಲವಿತ್ತು ಎಂಬುದನ್ನೂ ತರಗತಿಯಲ್ಲಿ ಮರೆಮಾಚದೆ ಚರ್ಚಿಸಿ. ನೀರು ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂದು ಕೇಳದ ನೀರಿನ ವಿಜ್ಞಾನ ಅರ್ಧ ವಿಜ್ಞಾನ.

ಸಮಾಜ ವಿಜ್ಞಾನವನ್ನು ಕೊನೆಯ ಸೆಮಿಸ್ಟರಿನ ಐಚ್ಛಿಕ ಪತ್ರಿಕೆಯಾಗಿ ಇಡಬೇಡಿ ಎಂದು ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ. ಪೂರ್ವದ ಬಯಲುಸೀಮೆಯ ಫ್ಲೋರೈಡ್ ಸಮಸ್ಯೆಯನ್ನು ತೆಗೆದುಕೊಳ್ಳಿ. ಗ್ರಾನೈಟ್ ಮತ್ತು ನೈಸ್ ಶಿಲೆಗಳ ಖನಿಜಗಳಲ್ಲಿ ಫ್ಲೋರೈಡ್ ಇದೆ. ಆಳದಲ್ಲಿ ಬಹುಕಾಲ ಬಂಡೆಯ ಸಂಗದಲ್ಲಿದ್ದು, ಕ್ಯಾಲ್ಸಿಯಂ ಕಡಿಮೆಯಾಗಿ ಬೈಕಾರ್ಬನೇಟ್ ಹೆಚ್ಚಿರುವ ನೀರಿಗೆ ಅದು ಹೆಚ್ಚು ಕರಗುತ್ತದೆ. ಇದು ಭೂರಸಾಯನ. ಬೇರೆ ನೀರಿಲ್ಲದ ಕಡೆಯೂ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎನ್ನುವುದು ಮಾನಕ. ಹಲ್ಲು ಮೂಡುವ ವಯಸ್ಸಿನಲ್ಲಿ ಮೀರಿದ್ದನ್ನು ಕುಡಿದ ಮಗುವಿನ ಹಲ್ಲಿನ ಕಲೆ ಜೀವಮಾನವಿಡೀ ಹೋಗುವುದಿಲ್ಲ. ಇದು ವೈದ್ಯಕೀಯ. ಕೆರೆ ಬತ್ತಿ ಕೊಳವೆಬಾವಿ ಆಳಕ್ಕಿಳಿದದ್ದೇಕೆ ಎಂದರೆ ಬೆಳೆ, ಪಂಪ್‌ಸೆಟ್ಟಿನ ವಿದ್ಯುತ್ತು, ಮಾರುಕಟ್ಟೆಯ ಬೆಲೆ ಎಲ್ಲ ಬರುತ್ತವೆ. ಶುದ್ಧ ನೀರಿನ ಘಟಕದ ಮುಂದೆ ಕ್ಯಾನ್ ಹಿಡಿದು ನಿಲ್ಲುವವರು ಯಾರು, ಘಟಕ ಕೆಟ್ಟ ದಿನ ಅವರು ಏನು ಕುಡಿಯುತ್ತಾರೆ, ಘಟಕ ಹೊರಚೆಲ್ಲುವ ಉಪ್ಪುನೀರು ಎಲ್ಲಿಗೆ ಹೋಗುತ್ತದೆ? ಇದೇ ಸೀಮೆಯ ಬತ್ತಿದ ಕೆರೆಗಳನ್ನು ತುಂಬಲು 2018ರಿಂದ ಬೆಂಗಳೂರಿನ ಸಂಸ್ಕರಿತ ಕೊಳಚೆನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಎರಡನೇ ಹಂತದ ಶುದ್ಧೀಕರಣ ಸಾಕೇ, ಮೂರನೆಯದೂ ಬೇಕೇ ಎಂಬ ವಾದಕ್ಕೆ ಪ್ರಾಮಾಣಿಕ ಅಳತೆಯಿಂದ ಉತ್ತರ ಕೊಡಬೇಕಾದವರು ನಿಮ್ಮಂಥವರೇ.

ಇನ್ನು ಆಡಳಿತದ ಕಡೆಗೆ. ಕೋರ್ಸಿಗೆ ಎರಡು ಮೂರಾದರೂ ಸ್ವಂತ ಹುದ್ದೆಗಳನ್ನು ಪಟ್ಟುಹಿಡಿದು ಕೇಳಿ. ಎರವಲು ಅಧ್ಯಾಪಕರಿಂದ ಶುರು ಮಾಡಬಹುದು, ಉಳಿಸಿಕೊಳ್ಳಲಾಗದು. ಬೇರೆ ವಿಭಾಗದ ಸಹೋದ್ಯೋಗಿ ನಿಮ್ಮಲ್ಲಿ ಕಲಿಸಿದ ಗಂಟೆಗಳೂ, ಜಂಟಿಯಾಗಿ ಬರೆದ ಪ್ರಬಂಧವೂ ಅವರ ಬಡ್ತಿಯ ಲೆಕ್ಕಕ್ಕೆ ಪೂರ್ಣವಾಗಿ ಸೇರುವಂತೆ ಮೊದಲೇ ಲಿಖಿತವಾಗಿ ಒಪ್ಪಿಸಿಕೊಳ್ಳಿ. ಪ್ರತಿ ಪ್ರಬಂಧಕ್ಕೂ ಎರಡು ಬೇರೆ ವಿಭಾಗಗಳ ಮಾರ್ಗದರ್ಶಕರಿರಲಿ. ಉಪಕರಣಕ್ಕೆ ಅನುದಾನ ಸಿಗುತ್ತದೆ, ಅದನ್ನು ನೋಡಿಕೊಳ್ಳುವ ತಂತ್ರಜ್ಞನಿಗೆ ಸಿಗುವುದಿಲ್ಲ. ತಂತ್ರಜ್ಞನನ್ನೂ ದೋಣಿಯವನನ್ನೂ ಖಾಯಂ ಮಾಡಿಸುವುದು ದುಬಾರಿ ಯಂತ್ರ ತರಿಸುವುದಕ್ಕಿಂತ ಮುಖ್ಯ. ಈಜು ಬಾರದವರು, ಲೈಫ್ ಜಾಕೆಟ್ ತೊಡದವರು ದೋಣಿ ಹತ್ತದಿರಲಿ. ಈ ನಿಯಮಕ್ಕೆ ಯಾರಿಗೂ ವಿನಾಯಿತಿ ಬೇಡ.

ವಿದ್ಯಾರ್ಥಿಗಳೇ, ನಿಮಗೆ ಬೇರೆಯಾಗಿ ಕೆಲವು ಮಾತು. ಎಲ್ಲ ಶಾಸ್ತ್ರಗಳ ಪರಿಚಯವಿದ್ದು ಯಾವುದರಲ್ಲೂ ಗಟ್ಟಿಯಿಲ್ಲದವರಾಗಬೇಡಿ. ಒಂದು ಶಾಸ್ತ್ರದಲ್ಲಿ ಆಳಕ್ಕಿಳಿಯಿರಿ, ಉಳಿದವುಗಳ ಭಾಷೆಯನ್ನು ಪ್ರಶ್ನೆ ಕೇಳುವಷ್ಟಾದರೂ ಕಲಿಯಿರಿ. ಅಳೆಯದ ದಿನದ ಕಾಲಂ ಖಾಲಿ ಬಿಡಿ, ಅಂದಾಜಿನಿಂದ ತುಂಬಬೇಡಿ. ಐವತ್ತು ವರ್ಷದ ನಂತರ ಅದನ್ನು ತೆರೆಯುವವರು ನಿಮ್ಮ ಪ್ರಾಮಾಣಿಕತೆಯನ್ನೇ ನಂಬಿ ಮುಂದೆ ಹೋಗಬೇಕು. ಪ್ರಬಂಧದ ಸಾರವನ್ನು ಕನ್ನಡದಲ್ಲಿ ಬರೆದು, ನೀವು ನೀರು ತೆಗೆದ ಊರಿನ ಗ್ರಾಮ ಪಂಚಾಯಿತಿಯಲ್ಲಿ ಓದಿ, ಅಲ್ಲಿನವರ ಪ್ರಶ್ನೆಗಳಿಗೆ ನಿಂತು ಉತ್ತರ ಕೊಡಿ. ಕೆಲಸದ ಚಿಂತೆಯೂ ನಿಮಗಿದ್ದೇ ಇದೆ, ಅದು ಸಹಜ. ಮಾಲಿನ್ಯ ನಿಯಂತ್ರಣ ಮಂಡಳಿ, ನಗರಗಳ ಜಲಮಂಡಳಿಗಳು, ಮನೆಮನೆಗೆ ನಲ್ಲಿ ನೀರು ಕೊಡುವ ಯೋಜನೆಗಳ ಪರೀಕ್ಷಾ ಕೇಂದ್ರಗಳು, ಮೀನುಗಾರಿಕೆ ಇಲಾಖೆ, ಸ್ವಯಂಸೇವಾ ಸಂಸ್ಥೆಗಳು, ಇವೆಲ್ಲಕ್ಕೂ ನೀರನ್ನು ಇಡಿಯಾಗಿ ಬಲ್ಲವರು ಬೇಕು. ಎಲ್ಲಿಗೇ ಹೋದರೂ ಕೆರೆಯ ದಡದಲ್ಲಿ ಕಲಿತದ್ದನ್ನು ಕಚೇರಿಯ ಮೇಜಿನ ಮೇಲೂ ಬಿಟ್ಟುಕೊಡಬೇಡಿ.

ಅನುಮೋದನೆ ಬರಲಿ, ಕಟ್ಟಡ ಆಗಲಿ, ಆಮೇಲೆ ನೋಡೋಣ ಎಂದು ಕಾಯಬೇಡಿ. ಮುಂಗಾರು ಬೀಳುವ ಮೊದಲೇ ನಿಮ್ಮ ಕೆರೆಯನ್ನು ಗೊತ್ತು ಮಾಡಿ, ತೂಬಿನ ಬಳಿ ಒಂದು ಅಳತೆಪಟ್ಟಿ ನೆಡಿ, ದಪ್ಪ ರಟ್ಟಿನ ಒಂದು ರಿಜಿಸ್ಟರ್ ತನ್ನಿ. ನೀರಿನ ಮಟ್ಟ, ತಾಪ, ಮಳೆ, ಬರೆದವರ ಹೆಸರು, ನಾಲ್ಕೇ ಕಾಲಂ ಸಾಕು. ದಿನವೂ ಬರೆಯಿರಿ, ಬರೆಯುವವರನ್ನು ತಯಾರು ಮಾಡುತ್ತ ಹೋಗಿ. ಕುಲಪತಿಗಳು ಬದಲಾಗುತ್ತಾರೆ, ಅನುದಾನ ನಿಲ್ಲುತ್ತದೆ, ಪಠ್ಯಕ್ರಮ ಐದು ವರ್ಷಕ್ಕೊಮ್ಮೆ ಹೊಸದಾಗುತ್ತದೆ. ಆ ರಿಜಿಸ್ಟರಿನಲ್ಲಿ ಒಂದು ದಿನವೂ ತಪ್ಪದಂತೆ ನೋಡಿಕೊಂಡರೆ ನಿಮ್ಮ ಕೋರ್ಸ್ ಉಳಿಯುತ್ತದೆ. ನಾಳೆಯೇ ಶುರು ಮಾಡಿ.